ಓದುಗರ ಪ್ರಶ್ನೆ: ಸ್ಕಾಟ್ಲೆಂಡಿನ ಹಳೇ ಪಟ್ಟಣಗಳಲ್ಲಿ ಕೌನ್ಸಿಲ್ಲೇ ಬ್ರೆಡ್ಡಿಗೆ ಬೆಲೆ ಕಟ್ಟುತ್ತಿತ್ತಂತೆ. ಹಾಗಾದರೆ ಬರಗಾಲದಲ್ಲೂ ಬಡವರಿಗೆ ಅಗ್ಗದ ಬ್ರೆಡ್ ಸಿಗುತ್ತಿತ್ತೇ?

ಇಲ್ಲ. ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುತ್ತದೆ, ಉತ್ತರ ಮಾತ್ರ ಅದೇ. ಕೌನ್ಸಿಲ್ ಕಟ್ಟುತ್ತಿದ್ದುದು ಬ್ರೆಡ್ಡಿನ ಬೆಲೆಯನ್ನಲ್ಲ, ತೂಕವನ್ನು.

ಐದು ರೂಪಾಯಿಯ ಬಿಸ್ಕೆಟ್ ಪೊಟ್ಟಣ ನೆನಪಿಸಿಕೊಳ್ಳಿ. ವರ್ಷಗಳಿಂದ ಬೆಲೆ ಅದೇ, ಒಳಗಿನ ಬಿಸ್ಕೆಟ್ ಮಾತ್ರ ಸವೆಯುತ್ತಾ ಬಂದಿದೆ. ಅಲ್ಲೂ ಅಷ್ಟೇ. ಪೆನ್ನಿ ಬ್ರೆಡ್ ಎಂದೂ ಪೆನ್ನಿ ಬ್ರೆಡ್ಡೇ. ಸಂತೆಯಲ್ಲಿ ಗೋಧಿ ತುಟ್ಟಿಯಾದರೆ ಅದು ಕುಗ್ಗುತ್ತಿತ್ತು, ಅಗ್ಗವಾದರೆ ಉಬ್ಬುತ್ತಿತ್ತು. ವ್ಯತ್ಯಾಸ ಒಂದೇ: ಎಷ್ಟು ಕುಗ್ಗಬೇಕೆಂದು ಹೇಳುವವನು ಬೇಕರಿಯವನಲ್ಲ, ಕೌನ್ಸಿಲ್. ಕೈಗೆ ಸಿಗುವ ಚಿಲ್ಲರೆಯೇ ಪೆನ್ನಿ, ಅರ್ಧ ಪೆನ್ನಿ ಆಗಿದ್ದಾಗ ಬೆಲೆಯನ್ನು ಚೂರು ಚೂರಾಗಿ ಏರಿಸುವುದಾದರೂ ಹೇಗೆ? ಹಿಟ್ಟನ್ನಾದರೆ ಎಷ್ಟು ಬೇಕಾದರೂ ಚಿವುಟಬಹುದು.

ಇಲ್ಲಿ ಇನ್ನೊಂದು ತಪ್ಪು: ಗೋಧಿ ಬೆಲೆ ಎರಡರಷ್ಟಾದರೆ ಬ್ರೆಡ್ ಅರ್ಧವಾಗುತ್ತದೆ ಎಂಬ ಲೆಕ್ಕ. ಬೇಕರಿಯವನ ಸೌದೆ, ಉಪ್ಪು, ಕೂಲಿಗೂ ಒಂದು ಪಾಲು ಬಿಡಬೇಕಿತ್ತು, ಅದು ಗೋಧಿಯ ಜೊತೆ ಏರುವುದಿಲ್ಲ. ಬರೀ ಉದಾಹರಣೆಗೆ, ಗೋಧಿಗೆ 100 ಪೆನ್ನಿ, ಖರ್ಚಿಗೆ 20 ಎನ್ನಿ. ಅಷ್ಟು ಗೋಧಿಯಿಂದ 120 ಬ್ರೆಡ್ ಮಾಡಿದರೆ ಲೆಕ್ಕ ಸರಿಹೋಗುತ್ತದೆ. ಗೋಧಿ 200 ಆದರೆ 220 ಬ್ರೆಡ್ ಮಾಡಬೇಕು. ಮೊದಲು 480 ಗ್ರಾಂ ಇದ್ದದ್ದು ಈಗ ಸುಮಾರು 262 ಗ್ರಾಂ, 240 ಅಲ್ಲ.

ಮೋಸ ಇರಲಿಲ್ಲವೇ? ಧಾರಾಳವಾಗಿತ್ತು. ತೂಕವೇ ಕಾನೂನಾದಲ್ಲಿ ಸುಲಭದ ದಾರಿ ಹಸಿಬಿಸಿ ಬೇಯಿಸುವುದು. ಒಳಗೆ ಉಳಿದ ನೀರೂ ತಕ್ಕಡಿಯಲ್ಲಿ ತೂಗುತ್ತದೆ. ಅದಕ್ಕೇ ಆಜ್ಞೆಗಳಲ್ಲಿ ತೂಕದ ಪಕ್ಕದಲ್ಲೇ ‘ಚೆನ್ನಾಗಿ ಬೆಂದಿರಬೇಕು, ಒಣಗಿರಬೇಕು’ ಎಂಬ ಮಾತೂ ಬರುತ್ತದೆ. ತಪ್ಪಿದವನಿಗೆ ದಂಡ, ಹಳೆಯ ಪಟ್ಟಣ ಕಾನೂನುಗಳಲ್ಲಿ ಮತ್ತೆ ಮತ್ತೆ ಕಾಣುವ ಮೊತ್ತ 8 ಷಿಲಿಂಗ್.

ತಪಾಸಣೆ ಮಾಡುತ್ತಿದ್ದವರು ಬೇಲಿಗಳು. ಪಟ್ಟಣದ ಮುಖ್ಯಸ್ಥ ಪ್ರಾವಸ್ಟ್, ಅವನ ಕೆಳಗಿನ ನ್ಯಾಯಾಧಿಕಾರಿ ಬೇಲಿ. ನಮ್ಮ ಗಾದೆಯ ಬೇಲಿಯಲ್ಲ, ಆದರೆ ಎದ್ದು ಹೊಲ ಮೇಯುವ ಭಯ ಅಲ್ಲಿಯವರಿಗೂ ಇತ್ತು. ಅಧಿಕಾರದಲ್ಲಿರುವವರೆಗೆ ಪ್ರಾವಸ್ಟ್ ಆಗಲಿ ಬೇಲಿಯಾಗಲಿ ಸ್ವಂತ ಮನೆಯಲ್ಲಿ ಮಾರಾಟಕ್ಕೆ ಬ್ರೆಡ್ ಸುಡಬಾರದು, ಏಲ್ (ಬಿಯರ್‌ನಂಥ ಮದ್ಯ) ಕಾಯಿಸಬಾರದು ಎಂದು ಆ ಕಾನೂನುಗಳೇ ಹೇಳುತ್ತವೆ. ಇವರನ್ನೇನೂ ಊರವರು ಆರಿಸಿದ್ದಲ್ಲ. 1469ರ ಕಾಯ್ದೆಯ ಪ್ರಕಾರ ಹಳೇ ಕೌನ್ಸಿಲ್ಲೇ ಹೊಸ ಕೌನ್ಸಿಲ್ಲನ್ನು ಆರಿಸುತ್ತಿತ್ತು. 1833ರವರೆಗೂ ಹೆಚ್ಚುಕಡಿಮೆ ಇದೇ ಏರ್ಪಾಡು.

ಏಲ್‌ನದು ತದ್ವಿರುದ್ಧ. ಅಲ್ಲಿ ಅಳತೆ ಸ್ಥಿರ, ಬೆಲೆ ಬದಲು. ರುಚಿ ನೋಡುವವರು ಮನೆಮನೆಗೆ ಹೋಗಿ ಕುಡಿದು, ಬೆಲೆಯನ್ನು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದರು. ಕಾಯಿಸುವವರು ಹೆಚ್ಚಾಗಿ ಹೆಂಗಸರು.

ಅಳತೆ ಸ್ಥಿರ ಎಂದ ಮೇಲೆ, ಯಾರೂ ಕೇಳದಿದ್ದರೂ ಕೇಳಬೇಕಾದ ಪ್ರಶ್ನೆ ಒಂದಿದೆ: ಆ ಅಳತೆ ಸರಿ ಎಂದು ಹೇಳುವವರು ಯಾರು? ಇದಕ್ಕಾಗಿ ಮೂಲ ಮಾದರಿಗಳನ್ನು ನಾಲ್ಕು ಪಟ್ಟಣಗಳಿಗೆ ಹಂಚಿದ್ದರು. ಉದ್ದ ಅಳೆಯುವ ಎಲ್ ಎಂಬ ಅಳತೆ ಎಡಿನ್‌ಬರೋಗೆ, ತೂಕದ ಕಲ್ಲು ಲಾನಾರ್ಕಿಗೆ, ಧಾನ್ಯದ ಫರ್ಲಾಟ್ ಲಿನ್‌ಲಿಥ್‌ಗೋಗೆ, ದ್ರವದ ಪೈಂಟ್ ಸ್ಟರ್ಲಿಂಗಿಗೆ. ಸ್ಕಾಟ್ ಪೈಂಟ್ ಎಂದರೆ ಸುಮಾರು 1.7 ಲೀಟರ್, ಇಂದಿನ ಬ್ರಿಟಿಷ್ ಪೈಂಟಿನ ಮೂರರಷ್ಟು.

ಸ್ಟರ್ಲಿಂಗ್ ಕೌನ್ಸಿಲ್ ಅದನ್ನು ಕಾಪಾಡಿದ್ದು ಹೀಗೆ. 1750ರ ಸುಮಾರಿಗೆ ಅಲೆಕ್ಸಾಂಡರ್ ಬ್ರೈಸ್ ಎಂಬ ಪಾದ್ರಿ ಬಂದು ಮೂಲ ಪೈಂಟ್ ತೋರಿಸಿ ಎಂದಾಗ ಅವರು ತಂದಿಟ್ಟದ್ದು ಒಂದು ಪ್ಯೂಟರ್ (ತವರದ ಮಿಶ್ರಲೋಹ) ಹೂಜಿ. ಗಣಿತ ಬಲ್ಲ ಬ್ರೈಸ್ ಇದು ಅದಲ್ಲ ಎಂದು ಹಿಡಿದ. ನಿಜವಾದದ್ದನ್ನು ಒಬ್ಬ ತಾಮ್ರದ ಕೆಲಸದವನಿಗೆ ನಕಲು ಮಾಡಲು ಕೊಟ್ಟಿದ್ದರು. ಅವನು ಪದಚ್ಯುತ ಸ್ಟುವರ್ಟ್ ರಾಜವಂಶದ ಪರವಾಗಿ ನಡೆದ 1745ರ ಜಾಕೊಬೈಟ್ ದಂಗೆಗೆ ಸೇರಿ ಹೊರಟುಹೋಗಿದ್ದ. 1752ರಲ್ಲಿ ಅದು ಸಿಕ್ಕಿದ್ದು ಅಟ್ಟದ ಮೇಲೆ, ಹಳೇ ಸಾಮಾನಿನ ರಾಶಿಯಡಿ.