ಡೇಕೇರ್ ನೋಡಲು ಹೋದಾಗ ಗೋಡೆ ನೋಡಿ ಬರಬೇಡಿ

ಡೇಕೇರ್ ನೋಡಿಕೊಂಡು ಬರಲು ಹೋದ ಅಪ್ಪ ಅಮ್ಮ ಏನೇನು ನೋಡುತ್ತಾರೆ? ಗೋಡೆಯ ಮೇಲಿನ ಬಣ್ಣದ ಚಿತ್ರಗಳು, ಆಟಿಕೆ ತುಂಬಿದ ಕಪಾಟು, ಸಿಸಿಟಿವಿ, ಬಾತ್‌ರೂಮ್ ಚೊಕ್ಕಟವಾಗಿದೆಯಾ, ಫೀಸ್ ಎಷ್ಟು. ಇದ್ಯಾವುದೂ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಮಕ್ಕಳ ಬೆಳವಣಿಗೆಯ ಬಗ್ಗೆ ಸಂಶೋಧನೆ ಮಾಡುವವರು ಅದೇ ಕೋಣೆಗೆ ಹೋದರೆ ಮೂಲೆಯಲ್ಲಿ ಸುಮ್ನೆ ಕೂರುತ್ತಾರೆ, ಕೂತು ಬೇರೆಯೇ ಏನನ್ನೋ ನೋಡುತ್ತಾರೆ.

ಅಮೆರಿಕದ ಥೆಲ್ಮಾ ಹಾರ್ಮ್ಸ್ ಮತ್ತು ರಿಚರ್ಡ್ ಕ್ಲಿಫರ್ಡ್ 1980ರಲ್ಲಿ ಇದಕ್ಕೆಂದೇ ಒಂದು ಅಳತೆಗೋಲು ಮಾಡಿದರು. ಮುಂದೆ 1990ರಲ್ಲಿ ತೀರಾ ಚಿಕ್ಕ ಮಕ್ಕಳ ಕೋಣೆಗಳಿಗೆ ಅದರ ಇನ್ನೊಂದು ರೂಪ ಬಂತು. ತರಬೇತಿ ಪಡೆದವರು ಒಂದೇ ಕೋಣೆಯಲ್ಲಿ ಗಂಟೆಗಟ್ಟಲೆ ಕೂತು ಒಂದರಿಂದ ಏಳರವರೆಗೆ ಅಂಕ ಕೊಡುತ್ತಾರೆ. 1990ರ ದಶಕದಲ್ಲಿ ಸಂಶೋಧಕರು ಅದೇ ಕೋಣೆಗಳಿಗೆ ಪೋಷಕರಿಂದಲೂ ಅಂಕ ಕೊಡಿಸಿದರು. ಪೋಷಕರು ಕೊಟ್ಟ ಅಂಕ ತಜ್ಞರದ್ದಕ್ಕಿಂತ ತುಂಬಾ ಜಾಸ್ತಿ ಇತ್ತು. ಇದರಲ್ಲಿ ಅಚ್ಚರಿಯೇನಿಲ್ಲ. ನಾವು ನೋಡುವುದು ಬಿಡುವ ಹೊತ್ತು ಮತ್ತು ಕರೆತರುವ ಹೊತ್ತು ಮಾತ್ರ. ಜೊತೆಗೆ, ಮಗುವನ್ನು ಬಿಟ್ಟು ಹೋಗಲೇಬೇಕಾದವರಿಗೆ ಜಾಗ ಚೆನ್ನಾಗಿದೆ ಅಂತ ನಂಬುವ ಅಗತ್ಯವೂ ಇರುತ್ತದೆ, ಅಲ್ವಾ?

ಹಾಗಾದರೆ ತಜ್ಞರು ಅಷ್ಟು ಹೊತ್ತು ಕೂತು ನೋಡುವುದೇನು? ಡೈಪರ್ ಬದಲಿಸುವ ಕೆಲಸವನ್ನೇ ತೆಗೆದುಕೊಳ್ಳಿ. ಒಂದು ಕಡೆ ಆಯಾ ಮಗುವನ್ನು ಹಿಂದಿನಿಂದ ಎತ್ತಿ ಮಲಗಿಸುತ್ತಾರೆ. ಕಾಲು ಹಿಡಿದು ಎತ್ತುತ್ತಾರೆ, ಒರೆಸುತ್ತಾರೆ, ಹೊಸದು ಹಾಕಿ ಇಳಿಸುತ್ತಾರೆ. ಅಷ್ಟೂ ಹೊತ್ತು ಅವರ ಮಾತು ಪಕ್ಕದವರ ಜೊತೆ. ಕೆಲಸ ಚೊಕ್ಕಟ, ತಪ್ಪು ಹುಡುಕಲು ಏನೂ ಇಲ್ಲ. ಇನ್ನೊಂದು ಕಡೆ ಆಯಾ ಮೊದಲು ಮಗುವಿನ ಎದುರು ಬಂದು ಕೂರುತ್ತಾರೆ. 'ಒದ್ದೆ ಆಗಿದೆಯಾ? ಬಾ, ಬದಲಾಯಿಸೋಣ' ಅಂತ ಕೈ ಚಾಚುತ್ತಾರೆ. ಮಗುವೂ ಕೈ ಎತ್ತುವವರೆಗೆ ಒಂದು ಗಳಿಗೆ ಕಾಯುತ್ತಾರೆ. ಮಲಗಿದ ಮಗು ಮೇಲೆ ತಿರುಗುತ್ತಿರುವ ಫ್ಯಾನ್ ನೋಡಿ 'ಆ' ಅಂದರೆ ಇವರೂ ಮೇಲೆ ನೋಡಿ 'ಹೌದು, ಫ್ಯಾನ್! ಗಿರಗಿರ ತಿರುಗ್ತಿದೆ' ಅನ್ನುತ್ತಾರೆ. ಮಗು ಮತ್ತೆ 'ಆ' ಅನ್ನುತ್ತದೆ. ಎರಡೂ ಕಡೆ ಹಿಡಿದ ಸಮಯದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಆದರೆ ಎರಡನೆಯ ಮಗುವಿಗೆ ಸಿಕ್ಕಿದ್ದು ಪೂರ್ತಿ ಒಂದು ಸಂಭಾಷಣೆ.

ಹಾರ್ವರ್ಡ್ ವಿಶ್ವವಿದ್ಯಾಲಯದ ಮಕ್ಕಳ ಬೆಳವಣಿಗೆಯ ಕೇಂದ್ರದವರು ಇದನ್ನು ಟೆನಿಸ್ ಆಟಕ್ಕೆ ಹೋಲಿಸುತ್ತಾರೆ. ಮಗು ಒಂದು ನೋಟವನ್ನೋ ಸದ್ದನ್ನೋ ಕಳಿಸುತ್ತದೆ, ದೊಡ್ಡವರು ಅದನ್ನು ವಾಪಸ್ ಕಳಿಸಬೇಕು. ಹುಟ್ಟಿದ ಮೊದಲ ವರ್ಷಗಳಲ್ಲಿ ಮಿದುಳಿನ ನರಕೋಶಗಳ ನಡುವೆ ಭರಭರನೆ ಹೊಸ ಸಂಪರ್ಕಗಳು ಹುಟ್ಟುತ್ತಿರುತ್ತವೆ. ಬಳಕೆಯಾದವು ಗಟ್ಟಿಯಾಗುತ್ತವೆ, ಬಳಕೆಯಾಗದವು ಕಳಚಿಕೊಳ್ಳುತ್ತವೆ. ಭಾಷೆ ಕಲಿಯುವ ದಾರಿಯೂ ಇದೇ. ಗೋಡೆಗೆ ಅಂಟಿಸಿದ ಅಕ್ಷರಮಾಲೆ ವಾಪಸ್ ಉತ್ತರ ಕೊಡುವುದಿಲ್ಲ. ಟಿವಿಯೂ ಅಷ್ಟೆ. ಎರಡು ವರ್ಷದೊಳಗಿನ ಮಕ್ಕಳ ಕೋಣೆಯಲ್ಲಿ ಟಿವಿ ಓಡುತ್ತಿದ್ದರೆ ನಾನಂತೂ ಅಲ್ಲಿಂದಲೇ ವಾಪಸ್ ಬರುತ್ತೇನೆ.

ಈ ವಿಷಯದಲ್ಲಿ ನಡೆದ ದೊಡ್ಡ ಅಧ್ಯಯನ ಅಮೆರಿಕದ್ದು. 1991ರಲ್ಲಿ ಹತ್ತು ಕಡೆ ಹುಟ್ಟಿದ 1,300ಕ್ಕೂ ಹೆಚ್ಚು ಮಕ್ಕಳನ್ನು ಅವರಿಗೆ 15 ವರ್ಷ ಆಗುವವರೆಗೆ ಹಿಂಬಾಲಿಸಿದರು. ಅಮ್ಮನೇ ನೋಡಿಕೊಂಡ ಮಕ್ಕಳು, ಡೇಕೇರಿಗೆ ಹೋದವರು, ಅಜ್ಜಿಯ ಹತ್ತಿರ ಬೆಳೆದವರು ಎಲ್ಲರೂ ಅದರಲ್ಲಿದ್ದರು. ಡೇಕೇರಿಗೆ ಹೋದರೆ ಮಗುವಿಗೆ ಅಮ್ಮನ ಮೇಲಿನ ಪ್ರೀತಿ ಕಡಿಮೆಯಾಗುತ್ತದಾ ಅನ್ನುವ ಭಯಕ್ಕೆ ಸಿಕ್ಕ ಉತ್ತರ: ಬರೀ ಡೇಕೇರಿಗೆ ಹೋದ ಕಾರಣಕ್ಕೆ ಹಾಗಾಗುವುದಿಲ್ಲ. ಮನೆಯಲ್ಲೂ ಮಗುವಿನ ಅಳು ನಗುವಿಗೆ ಸ್ಪಂದನೆ ಕಡಿಮೆಯಿದ್ದು, ಡೇಕೇರ್ ಕೂಡ ಕಳಪೆಯಾಗಿದ್ದರೆ ಆಗ ತೊಂದರೆ ಕಂಡಿತು. ಒಳ್ಳೆಯ ಕಡೆ ಇದ್ದ ಮಕ್ಕಳು ಭಾಷೆ ಮತ್ತು ಓದಿನಲ್ಲಿ ಸ್ವಲ್ಪ ಮುಂದಿದ್ದರು, 15ನೇ ವಯಸ್ಸಿನಲ್ಲೂ. ವಾರಕ್ಕೆ ತುಂಬಾ ಗಂಟೆ ಹೊರಗೆ ಕಳೆದ ಮಕ್ಕಳಲ್ಲಿ ಹಠ, ಜಗಳ ಸ್ವಲ್ಪ ಜಾಸ್ತಿ ಇತ್ತು. ಎರಡೂ ಕಡೆ 'ಸ್ವಲ್ಪ' ಅನ್ನುವ ಪದವನ್ನು ಗಮನಿಸಿ. ಮನೆಯ ವಾತಾವರಣದ ಪ್ರಭಾವ ಇವೆಲ್ಲಕ್ಕಿಂತ ದೊಡ್ಡದಿತ್ತು. ಈ ಮಾತನ್ನು ಡೇಕೇರ್ ಜಾಹೀರಾತುಗಳಲ್ಲೂ ಹಾಕುವುದಿಲ್ಲ, 'ಅಷ್ಟು ಚಿಕ್ಕ ಮಗುನ ಬಿಟ್ಟು ಕೆಲಸಕ್ಕೆ ಹೋಗ್ತೀಯಾ' ಅಂತ ಕೇಳುವ ನೆಂಟರೂ ಹೇಳುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಫ್ಯಾನ್ ನೋಡಿ 'ಆ' ಅಂದ ಮಗುವಿಗೆ ಉತ್ತರ ಕೊಡಬೇಕಾದರೆ ಆಯಾಗೆ ಪುರುಸೊತ್ತು ಇರಬೇಕು. ಎಂಟು ಕೂಸುಗಳನ್ನು ಒಬ್ಬರ ಕೈಗೆ ಕೊಟ್ಟರೆ ಎಷ್ಟೇ ಒಳ್ಳೆಯವರಾದರೂ ಅವರಿಗೆ ಒರೆಸುವುದು, ತಿನ್ನಿಸುವುದು, ಮಲಗಿಸುವುದರಲ್ಲೇ ದಿನ ಮುಗಿಯುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಸಂಘದ ಶಿಫಾರಸು ಹೀಗಿದೆ: ಒಂದು ವರ್ಷದೊಳಗಿನ ಮೂರು ಮಕ್ಕಳಿಗೆ ಒಬ್ಬರು, ಒಂದರಿಂದ ಮೂರು ವರ್ಷದೊಳಗಿನ ನಾಲ್ಕು ಮಕ್ಕಳಿಗೆ ಒಬ್ಬರು, ಮೂರು ವರ್ಷದ ಏಳು ಮಕ್ಕಳಿಗೆ ಒಬ್ಬರು. ಇಂಗ್ಲೆಂಡಿನ ನಿಯಮದಲ್ಲೂ ಎರಡು ವರ್ಷದೊಳಗಿನ ಮೂರು ಮಕ್ಕಳಿಗೆ ಒಬ್ಬರು ಇರಲೇಬೇಕು. 'ನಮ್ಮಲ್ಲಿ ಒಟ್ಟು ಹತ್ತು ಜನ ಸ್ಟಾಫ್ ಇದ್ದಾರೆ' ಅಂತ ಹೇಳಿದರೆ ಅದು ಉತ್ತರವಾಗುವುದಿಲ್ಲ. ಆ ಹತ್ತರಲ್ಲಿ ಅಡುಗೆಯವರೂ ಇರಬಹುದು, ಗೇಟಿನವರೂ ಇರಬಹುದು. ಸಂಜೆ ನಾಲ್ಕೂವರೆಗೆ ನಿಮ್ಮ ಮಗು ಇರುವ ಕೋಣೆಯಲ್ಲಿ ಎಷ್ಟು ಜನ ಇರುತ್ತಾರೆ ಅಂತ ಕೇಳಿ.

ಸಂಜೆ ಅಂದಿದ್ದಕ್ಕೆ ಕಾರಣವಿದೆ. ಕಾರ್ಟಿಸಾಲ್ ಅನ್ನುವ ಹಾರ್ಮೋನ್ ನಮ್ಮೆಲ್ಲರ ಮೈಯಲ್ಲಿ ಬೆಳಿಗ್ಗೆ ಏರಿ ಸಂಜೆಯ ಹೊತ್ತಿಗೆ ಇಳಿಯುತ್ತದೆ. ಒತ್ತಡವಾದಾಗಲೂ ಅದು ಏರುತ್ತದೆ. ಮಿನ್ನೆಸೋಟ ವಿಶ್ವವಿದ್ಯಾಲಯದ ಮೇಗನ್ ಗನ್ನರ್ ಮತ್ತು ಜೊತೆಗಾರರು ಚಿಕ್ಕ ಮಕ್ಕಳ ಜೊಲ್ಲು ಸಂಗ್ರಹಿಸಿ ಇದನ್ನು ಅಳೆದರು. ಮನೆಯಲ್ಲಿದ್ದ ದಿನ ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತಿದ್ದ ಕಾರ್ಟಿಸಾಲ್, ಡೇಕೇರಿನಲ್ಲಿದ್ದ ದಿನ ಎಷ್ಟೋ ಮಕ್ಕಳಲ್ಲಿ ಏರುತ್ತಿತ್ತು. ಇದರಿಂದ ಮಗುವಿಗೆ ಹಾನಿಯಾಯಿತು ಅಂತ ಅರ್ಥವಲ್ಲ. ಎರಡು ವರ್ಷದ ಮಗುವಿಗೆ ಇನ್ನೊಂದಷ್ಟು ಎರಡು ವರ್ಷದವರ ಜೊತೆ ದಿನವಿಡೀ ಏಗುವುದೇ ಒಂದು ದುಡಿಮೆ, ಅಷ್ಟೆ. ಹಾಗಾಗಿ ಮಕ್ಕಳೂ ದೊಡ್ಡವರೂ ದಣಿದಿರುವ ಹೊತ್ತಲ್ಲಿ ಹೋಗಿ ನೋಡಿದರೆ ಆ ಜಾಗ ಎಂಥದ್ದು ಅಂತ ಚೆನ್ನಾಗಿ ಗೊತ್ತಾಗುತ್ತದೆ.

ಶೀತ, ಕೆಮ್ಮು ಬಂದೇ ಬರುತ್ತದೆ, ಮೊದಲ ವರ್ಷ ಅದಕ್ಕೆ ರೆಡಿಯಾಗಿರಿ. ಅಮೆರಿಕದ ಟೂಸಾನ್‌ನಲ್ಲಿ ನಡೆದ ಅಧ್ಯಯನದಲ್ಲಿ, ದೊಡ್ಡ ಡೇಕೇರಿಗೆ ಹೋದ ಮಕ್ಕಳಿಗೆ ಎರಡನೇ ವಯಸ್ಸಿನಲ್ಲಿ ಶೀತ ಜಾಸ್ತಿ ಬಂತು, ಆದರೆ ಶಾಲೆಗೆ ಹೋಗುವ ವಯಸ್ಸಿನಲ್ಲಿ ಉಳಿದವರಿಗಿಂತ ಕಡಿಮೆ. 13ರ ಹೊತ್ತಿಗೆ ಎಲ್ಲರೂ ಒಂದೇ.

ನಾನು ಎಲ್ಲಕ್ಕಿಂತ ಹೆಚ್ಚು ತೂಕ ಕೊಡುವ ಪ್ರಶ್ನೆ ಬೇರೆ ಇದೆ. ನಮ್ಮ ಮಗುವನ್ನು ನೋಡಿಕೊಳ್ಳುವವರು ಇಲ್ಲಿ ಎಷ್ಟು ವರ್ಷದಿಂದ ಇದ್ದಾರೆ? ಮಗು ಅಂಟಿಕೊಳ್ಳುವುದು ಒಬ್ಬ ವ್ಯಕ್ತಿಗೆ, ಸಂಸ್ಥೆಗಲ್ಲ. ಸಂಬಳ ಸಾಲದೆ ಮೂರು ತಿಂಗಳಿಗೊಬ್ಬರು ಬಿಟ್ಟು ಹೋಗುವ ಕಡೆ ಮಗು ಪ್ರತಿ ಸಲವೂ ಹೊಸದಾಗಿ ಶುರು ಮಾಡಬೇಕು. ಎಂಟು ತಿಂಗಳಿಂದ ಒಂದೂವರೆ ವರ್ಷದ ನಡುವೆ ಅಪರಿಚಿತರ ಭಯ, ಅಗಲುವ ಭಯ ಎರಡೂ ಜೋರಾಗಿರುತ್ತವೆ. ಆಗ ಇದು ಇನ್ನೂ ಕಷ್ಟ.

ಸೇರಿಸುವ ಕ್ರಮದಲ್ಲೂ ಈ ಸಂಬಂಧಕ್ಕೇ ಜಾಗ ಮಾಡಿಕೊಡಬೇಕು. ಜರ್ಮನಿಯಲ್ಲಿ 1980ರ ದಶಕದಲ್ಲಿ ರೂಪುಗೊಂಡ ಬರ್ಲಿನ್ ಪದ್ಧತಿಯಲ್ಲಿ ಮೊದಲ ಮೂರು ದಿನ ಅಪ್ಪನೋ ಅಮ್ಮನೋ ಕೋಣೆಯಲ್ಲೇ ಕೂತಿರುತ್ತಾರೆ, ಮಗುವನ್ನು ಬಿಟ್ಟು ಹೋಗುವುದೇ ಇಲ್ಲ. ನಾಲ್ಕನೇ ದಿನ, ಟಾಟಾ ಹೇಳಿ, ಕೆಲವೇ ನಿಮಿಷ ಹೊರಗೆ ಹೋಗುತ್ತಾರೆ. ಕಣ್ಣು ತಪ್ಪಿಸಿ ಜಾರಿಕೊಳ್ಳುವಂತಿಲ್ಲ. ಮಗು ಹೇಗೆ ತೆಗೆದುಕೊಂಡಿತು ಅಂತ ನೋಡಿ ಮುಂದಿನ ದಿನಗಳ ಹೊತ್ತು ನಿರ್ಧಾರವಾಗುತ್ತದೆ. ಅಳು ನಿಲ್ಲುವವರೆಗೆ ಕಾಯುವುದು ಇಲ್ಲಿನ ಗುರಿಯಲ್ಲ. ಅತ್ತಾಗ ಆ ಆಯಾ ಎತ್ತಿಕೊಂಡರೆ ಮಗು ಸಮಾಧಾನವಾಗುತ್ತದೆಯೇ ಅನ್ನುವುದನ್ನು ನೋಡುತ್ತಾರೆ. ಸಮಾಧಾನವಾದರೆ ಹೊಂದಿಕೊಂಡಿದೆ ಅಂತ ಲೆಕ್ಕ. ಇದಕ್ಕೆ ಎರಡು ಮೂರು ವಾರ ಬೇಕಾಗಬಹುದು. ಆದ್ದರಿಂದ ರಜೆ ಮುಗಿಯುವ ಹಿಂದಿನ ದಿನ ಸೇರಿಸುವ ಬದಲು ಒಂದು ತಿಂಗಳು ಮೊದಲೇ ಸೇರಿಸಿ, ಮೊದಲ ದಿನಗಳಲ್ಲಿ ನಾನೂ ಒಳಗೆ ಕೂರಬಹುದಾ ಅಂತ ಡೇಕೇರಿನವರನ್ನು ಕೇಳಿ. ಬೇಡ, ಗೇಟಿನಲ್ಲೇ ಬಿಟ್ಟು ಹೋಗಿ ಅಂದರೆ ಇನ್ನೊಂದು ಕಡೆ ವಿಚಾರಿಸಿ.