ಬೆನ್ನೆಲ್ಲ ಬೆವರುತ್ತದೆ, ಯಾವ ಹಾಸಿಗೆ ತಗೊಳ್ಳಲಿ?

ಪ್ರಶ್ನೆ: ನಮ್ಮದು ಮಂಡ್ಯ. ಆರ್‌ಸಿಸಿ ಮನೆ, ಮೇಲೆ ಮಹಡಿ ಇಲ್ಲ. ಫ್ಯಾನ್ ಐದರಲ್ಲಿ ತಿರುಗುತ್ತಿದ್ದರೂ ನಮ್ಮ ಯಜಮಾನರಿಗೆ ನಡುರಾತ್ರಿ ಬೆನ್ನು ಒದ್ದೆಯಾಗಿ ಎಚ್ಚರವಾಗುತ್ತದೆ. ಈಗಿರುವುದು ಮೆಮೊರಿ ಫೋಮ್ ಹಾಸಿಗೆ. ಅಂಗಡಿಯವರು ಜೆಲ್ ಇರುವುದು ತಗೊಳ್ಳಿ, ತಣ್ಣಗಿರುತ್ತದೆ ಎನ್ನುತ್ತಾರೆ. ತಗೊಳ್ಳಬಹುದಾ ಸಾರ್?

ಉತ್ತರ: ಬೇಡಮ್ಮ. ಆ ದುಡ್ಡಿಗೆ ಬೇರೆ ಒಳ್ಳೆಯದು ಸಿಗುತ್ತದೆ.

ಫ್ಯಾನ್ ಗಾಳಿ ತಾಗುವುದು ಮೈಯ ಮೇಲ್ಭಾಗಕ್ಕೆ ಮಾತ್ರ. ಬೆನ್ನಿನ ಬಿಸಿ ಹಾಸಿಗೆಯ ಮೂಲಕವೇ ಹೋಗಬೇಕು. ಅದೂ ಅಲ್ಲದೆ, ನಿದ್ದೆ ಹತ್ತುವ ಹೊತ್ತಿಗೆ ನಮ್ಮ ಮೈ ತನ್ನ ಒಳಗಿನ ಬಿಸಿಯನ್ನು ಸ್ವಲ್ಪ ಇಳಿಸಿಕೊಳ್ಳುತ್ತದೆ. ಆ ಬಿಸಿಯೆಲ್ಲ ಚರ್ಮದಿಂದ ಹೊರಬೀಳುತ್ತದೆ. ಕೆಳಗೆ ದಾರಿ ಇಲ್ಲದಿದ್ದರೆ ಬೆವರದೆ ಇನ್ನೇನಾಗುತ್ತದೆ?

ಮೆಮೊರಿ ಫೋಮ್ ಮುಚ್ಚುವುದು ಆ ದಾರಿಯನ್ನೇ. 1966ರಲ್ಲಿ ಅಮೆರಿಕದ ನಾಸಾದವರು ವಿಮಾನದ ಸೀಟಿಗೆಂದು ಮಾಡಿಸಿದ ಫೋಮ್ ಅದು. ಮೈ ಬಿಸಿಗೆ ಮೆತ್ತಗಾಗಿ ಮೈ ಆಕಾರಕ್ಕೆ ಕುಸಿಯುವುದೇ ಅದರ ಗುಣ. ಒಳಗೆ ಇಳಿದಷ್ಟೂ ಅದು ಮೈಯನ್ನು ಸುತ್ತಿಕೊಳ್ಳುತ್ತದೆ, ಗಾಳಿಯಾಡಲು ಜಾಗ ಕಮ್ಮಿಯಾಗುತ್ತದೆ. ದಪ್ಪ ಮೈಯವರಿಗೆ ಇನ್ನೂ ಜಾಸ್ತಿ. ಭುಜ, ಸೊಂಟ ನೋವಿನವರಿಗೆ ಹಿತವಾಗಬಹುದು, ಸೆಕೆ ತಡೆಯದವರಿಗಲ್ಲ.

ಅದಕ್ಕೆ ಜೆಲ್ ಬೆರೆಸಿದರೆ? ರೆಡ್ ಆಕ್ಸೈಡ್ ನೆಲದ ಮೇಲೆ ಮಲಗಿದ ಹಾಗೆ. ಮೊದಲು ತಣ್ಣಗೆ ಹಾಯೆನಿಸುತ್ತದೆ, ಸ್ವಲ್ಪ ಹೊತ್ತಿಗೆ ಮಲಗಿದ ಜಾಗ ಬಿಸಿಯಾಗಿ ಪಕ್ಕಕ್ಕೆ ಹೊರಳಬೇಕಾಗುತ್ತದೆ. ಜೆಲ್ ಒಂದಿಷ್ಟು ಬಿಸಿ ಹೀರಿಕೊಳ್ಳುವುದು ನಿಜ. ಆಮೇಲೆ ಅದೂ ಮೈಯಷ್ಟೇ ಬೆಚ್ಚಗಾಗಿ ಸುಮ್ನೆ ಇರುತ್ತದೆ. ಎಸಿ ಹಾಕಿದ ಶೋರೂಮಿನಲ್ಲಿ ಐದು ನಿಮಿಷ ಮಲಗಿ ನೋಡಿದರೆ ಇದು ಗೊತ್ತಾಗುವುದಿಲ್ಲ, ಅಲ್ವಾ?

ನನ್ನ ಮೊದಲ ಆಯ್ಕೆ ಲ್ಯಾಟೆಕ್ಸ್. ರಬ್ಬರ್ ಹಾಲಿನಿಂದ ಮಾಡುವ ಈ ಹಾಸಿಗೆಯಲ್ಲಿ ಉದ್ದಕ್ಕೂ ಸಣ್ಣ ಸಣ್ಣ ತೂತುಗಳಿರುತ್ತವೆ. ಅಚ್ಚಿನ ಕಡ್ಡಿಗಳಿಂದಾದ ತೂತುಗಳು ಅವು. ಗಾಳಿಗೆ ಅದೇ ದಾರಿ. ಒತ್ತಿದರೂ ಪುಟಿದು ಮೈಗೆ ಆಸರೆ ಕೊಡುತ್ತದೆ, ಬೇಗ ಗುಂಡಿ ಬೀಳುವುದಿಲ್ಲ. ಆದರೆ ಬೆಲೆ ಜಾಸ್ತಿ, ಎತ್ತಲು ಭಾರ. ಮೋಸ ಆಗುವುದೂ ಇದರಲ್ಲೇ: ಮೇಲೆ ಒಂದಿಂಚು ಲ್ಯಾಟೆಕ್ಸ್, ಕೆಳಗೆಲ್ಲ ಮಾಮೂಲಿ ಫೋಮ್ ಇಟ್ಟು ಲ್ಯಾಟೆಕ್ಸ್ ಹಾಸಿಗೆ ಎಂದೇ ಮಾರುತ್ತಾರೆ. ‘ಲ್ಯಾಟೆಕ್ಸ್ ಎಷ್ಟು ಇಂಚು?’ ಎಂದು ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಜಿಪ್ ಇದ್ದರೆ ತೆಗೆಸಿ ಕಣ್ಣಾರೆ ನೋಡಿ.

ಅಷ್ಟು ದುಡ್ಡು ಬೇಡ ಅಂದರೆ ಕಾಯರ್. ತೆಂಗಿನ ನಾರಿಗೆ ರಬ್ಬರ್ ಹಾಲು ಸಿಂಪಡಿಸಿ ಒತ್ತಿ ಮಾಡಿದ್ದು. ನಾರಿನ ನಡುವೆ ಗಾಳಿ ಚೆನ್ನಾಗಿ ಆಡುತ್ತದೆ. ಗಟ್ಟಿಯಾಗಿರುವುದರಿಂದ ಮೈ ಒಳಗಿಳಿಯುವುದೂ ಇಲ್ಲ. ಮಗ್ಗುಲಲ್ಲಿ ಮಲಗುವವರಿಗೆ ಭುಜ ಒತ್ತಬಹುದು, ವರ್ಷಗಳು ಕಳೆದ ಮೇಲೆ ನಡುವೆ ತಗ್ಗೂ ಬೀಳುತ್ತದೆ. ಸ್ಪ್ರಿಂಗ್ ಹಾಸಿಗೆಯ ಒಳಗೆಲ್ಲ ಟೊಳ್ಳು, ಹಾಗಾಗಿ ಅದೂ ಪರವಾಗಿಲ್ಲ. ಮೇಲಿನ ಫೋಮ್ ಪದರ ಮಾತ್ರ ತೆಳುವಾಗಿರಲಿ. ಹತ್ತಿ ಹಾಸಿಗೆ ಬೆವರು ಹೀರುತ್ತದೆ, ಆದರೆ ಆಗಾಗ ಬಿಸಿಲಿಗೆ ಹಾಕಬೇಕು, ಗಂಟುಗಟ್ಟಿದರೆ ಮತ್ತೆ ಹಿಂಜಿಸಬೇಕು. ಆ ಅಭ್ಯಾಸದಲ್ಲಿ ಲ್ಯಾಟೆಕ್ಸನ್ನೂ ತಾರಸಿಗೆ ಹೊತ್ತೊಯ್ಯಬೇಡಿ. ಬಿಸಿಲಿಗೆ ಅದು ಹಾಳಾಗಿ ಪುಡಿಪುಡಿಯಾಗುತ್ತದೆ.

ಇಷ್ಟೆಲ್ಲ ನೋಡಿ ತಂದು, ಬಂದ ಪ್ಲಾಸ್ಟಿಕ್ ಕವರನ್ನು ‘ಹೊಸದು, ಕೊಳೆಯಾಗುತ್ತೆ’ ಅಂತ ಹಾಗೇ ಬಿಡುವವರಿದ್ದಾರೆ! ದಯವಿಟ್ಟು ಕಿತ್ತುಹಾಕಿ. ವಾಟರ್‌ಪ್ರೂಫ್ ಪ್ರೊಟೆಕ್ಟರ್ ಕೂಡ ಅಗ್ಗದ್ದಾದರೆ ಅರ್ಧ ಪ್ಲಾಸ್ಟಿಕ್ಕೇ. ಚಿಕ್ಕ ಮಕ್ಕಳಿಲ್ಲದ ಹಾಸಿಗೆಗೆ ಅದು ಯಾಕೆ? ಬೆಡ್‌ಶೀಟ್ ನಯವಾಗಿ ಜಾರುವ ಪಾಲಿಯೆಸ್ಟರ್ ಬೇಡ, ತೆಳು ಹತ್ತಿಯದು ಇರಲಿ. ಹೊಸದು ಕೊಳ್ಳುವ ಮೊದಲು ನಿಮ್ಮ ಹಳೆ ಹಾಸಿಗೆಯಲ್ಲೇ ಇವನ್ನು ಬದಲಿಸಿ ನೋಡಿ. ಪೂರ್ತಿ ಅಲ್ಲದಿದ್ದರೂ ಸ್ವಲ್ಪ ಕಮ್ಮಿಯಾಗುತ್ತದೆ.

ನಿಮ್ಮ ತಾರಸಿಯ ತಪ್ಪನ್ನೆಲ್ಲ ಹಾಸಿಗೆ ಮೇಲೆ ಹಾಕಲೂ ಆಗದು. ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿ ಆ ಬಿಸಿಯನ್ನು ಕೋಣೆಗೆ ಬಿಡುತ್ತದೆ. ಮೇಲೆ ಬಿಳಿ ಕೂಲ್ ರೂಫ್ ಬಣ್ಣ ಬಳಿಸಿದರೆ ಬಿಸಿಲಿನ ಬಹುಪಾಲು ವಾಪಸ್ ಹೋಗುತ್ತದೆ. ಸುತ್ತ ಗದ್ದೆ, ನಾಲೆ ಇರುವ ಕಡೆ ಗಾಳಿಯಲ್ಲಿ ತೇವ ಇದ್ದು ಬೆವರು ಬೇಗ ಆರುವುದಿಲ್ಲ. ಸೊಳ್ಳೆ ಪರದೆಯೂ ಗಾಳಿ ತಡೆಯುತ್ತದೆ. ಕಿಟಕಿಗೇ ಜಾಲರಿ ಹೊಡೆಸಿದರೆ ವಾಸಿ.

ಚಳಿಗಾಲದಲ್ಲೂ ಬಟ್ಟೆ ಒದ್ದೆಯಾಗುವಷ್ಟು ಬೆವರುತ್ತಿದ್ದರೆ, ಜೊತೆಗೆ ಜ್ವರ, ತೂಕ ಇಳಿಯುವುದು ಇದ್ದರೆ ಹಾಸಿಗೆ ಅಂಗಡಿಗಿಂತ ಮೊದಲು ಡಾಕ್ಟರ ಹತ್ತಿರ ಹೋಗಿ.

ಆನ್‌ಲೈನ್‌ನಲ್ಲಿ ಮಾರುವ ಹಲವು ಕಂಪನಿಗಳು ಕೆಲವು ವಾರ ಮಲಗಿ ನೋಡಿ, ಬೇಡವಾದರೆ ವಾಪಸ್ ಕೊಡಿ ಎನ್ನುತ್ತವೆ. ಅಂಥದ್ದನ್ನು ಸಂಕ್ರಾಂತಿ ಆಫರ್‌ನಲ್ಲಿ ಕೊಳ್ಳಬೇಡಿ, ಆಗ ಎಲ್ಲ ಹಾಸಿಗೆಯೂ ತಣ್ಣಗೇ ಇರುತ್ತವೆ. ಮಾರ್ಚ್ ಕೊನೆಗೆ ತರಿಸಿ, ಏಪ್ರಿಲ್ ಸೆಕೆಯಲ್ಲಿ ಮಲಗಿ ನೋಡಿ. ಕಲೆಯಾದರೆ ವಾಪಸ್ ತಗೊಳ್ಳಲು ತಕರಾರು ಮಾಡುತ್ತಾರೆ, ಅದಕ್ಕೇ ಮೊದಲ ದಿನದಿಂದಲೇ ಒಂದು ಹತ್ತಿ ಕವರ್ ಹಾಕಿಡಿ.