ಮಿನಿ ಟ್ವಿಸ್ಟ್: ಹೊಸೆದದ್ದು, ಹೆಣೆದದ್ದಲ್ಲ, ಜಟೆಯಂತೂ ಅಲ್ಲ

ಆಫ್ರಿಕನ್ ಮೂಲದ ಆಟಗಾರ್ತಿಯೋ ಗಾಯಕಿಯೋ ತಲೆತುಂಬ ಸಣ್ಣ ಸಣ್ಣ ಹುರಿಗಳನ್ನು ಇಳಿಬಿಟ್ಟುಕೊಂಡು ಕಾಣಿಸಿಕೊಂಡರೆ ಸಾಕು, ಚಿತ್ರದ ಕೆಳಗೆ ‘ಡ್ರೆಡ್‌ಲಾಕ್’ ಎಂಬ ಪದ ಬಂದು ಕೂರುತ್ತದೆ. ಕೆಲವು ಕಡೆ ‘ಜಟೆ’ ಎಂದಿರುತ್ತದೆ. ಅಷ್ಟೂ ತಲೆಕೆಡಿಸಿಕೊಳ್ಳದವರು ‘ಆಫ್ರಿಕನ್ ಜಡೆ’ ಎಂದು ಬರೆದು ಮುಂದಿನ ಸುದ್ದಿಗೆ ಹೋಗುತ್ತಾರೆ. ಇತ್ತೀಚೆಗೆ ಕಣ್ಣಿಗೆ ಬಿದ್ದ ಬರಹವೊಂದರಲ್ಲಿ ಈ ಮೂರು ಪದಗಳೂ ಒಂದೇ ಚಿತ್ರಕ್ಕೆ ಬಳಕೆಯಾಗಿದ್ದವು. ಚಿತ್ರದಲ್ಲಿದ್ದದ್ದು ಮಿನಿ ಟ್ವಿಸ್ಟ್.

ವ್ಯತ್ಯಾಸ ಹೇಳಲು ಬೇಕಾದ ಕ್ರಿಯಾಪದಗಳು ಕನ್ನಡದಲ್ಲಿ ಸಿದ್ಧವಾಗಿಯೇ ಇವೆ: ಹೊಸೆ, ಹೆಣೆ, ಜಟೆಗಟ್ಟು. ಕೂದಲಿನ ಒಂದು ಸಣ್ಣ ಹಿಡಿಯನ್ನು ಎರಡು ಎಳೆಯಾಗಿ ಸೀಳಿ, ಒಂದರ ಮೇಲೊಂದು ಸುತ್ತುತ್ತಾ ತುದಿಯವರೆಗೆ ಹೋದರೆ ಅದು ಹೊಸೆದದ್ದು, ಅಂದರೆ ಟ್ವಿಸ್ಟ್. ಮೂರು ಎಳೆ ಮಾಡಿ, ಬದಿಯ ಎಳೆಯನ್ನು ನಡುವಿನ ಎಳೆಯ ಮೇಲೆ ದಾಟಿಸುತ್ತಾ ಹೋದರೆ ಹೆಣೆದದ್ದು, ಅಂದರೆ ಬ್ರೇಡ್. ಎಳೆ ಎಂಬುದೇ ಉಳಿಯದೆ, ಕೂದಲು ಕೂದಲಿಗೆ ತೊಡರಿ, ಒಳಗೊಳಗೇ ಗಂಟು ಬಿದ್ದು ಇಡಿಯಾಗಿ ಗಟ್ಟಿಯಾದದ್ದು ಜಟೆಗಟ್ಟಿದ್ದು, ಅಂದರೆ ಲಾಕ್ ಅಥವಾ ಡ್ರೆಡ್‌ಲಾಕ್. ಮೊದಲೆರಡನ್ನು ಬೆರಳಿನಿಂದ ಬಿಚ್ಚಬಹುದು. ಮೂರನೆಯದನ್ನು ಬಿಚ್ಚುವುದೆಂದರೆ ಬಾಚಣಿಗೆಯ ಮೊನೆಯಿಂದ ದಿನಗಟ್ಟಲೆ ಕೆದಕುವ ಕೆಲಸ. ಹೆಚ್ಚಿನವರು ಕತ್ತರಿಯನ್ನೇ ಹಿಡಿಯುತ್ತಾರೆ. ಎಷ್ಟು ದಿನ ಇಟ್ಟುಕೊಳ್ಳಬೇಕು, ಹೇಗೆ ತೊಳೆಯಬೇಕು, ಯಾವುದನ್ನು ಮುಟ್ಟದೆ ಬಿಡಬೇಕು ಎಂಬುದೆಲ್ಲ ನಿಂತಿರುವುದು ಈ ಬಿಚ್ಚುವ ವಿಷಯದ ಮೇಲೆಯೇ. ಹಾಗಾಗಿ ಹೆಸರು ತಪ್ಪಿದರೆ ಸಲಹೆಯೂ ತಪ್ಪುತ್ತದೆ.

‘ಟ್ವಿಸ್ಟ್’ ಎಂಬ ಪದದೊಳಗೇ ಎರಡು ಎಂಬ ಸಂಖ್ಯೆ ಅಡಗಿದೆ. ಇಂಗ್ಲಿಷಿನ ‘ಟೂ’, ‘ಟ್ವಿನ್’, ‘ಟ್ವೈನ್’, ‘ಬಿಟ್ವೀನ್’ ಎಲ್ಲವೂ ಇದೇ ಕುಟುಂಬದವು. ದೂರದ ನೆಂಟಸ್ತಿಕೆ ಹಿಡಿದರೆ ನಮ್ಮ ಸಂಸ್ಕೃತದ ‘ದ್ವಿ’ ಕೂಡ. ಹಳೆಯ ಇಂಗ್ಲಿಷಿನಲ್ಲಿ ಹಡಗಿನ ಕೂವೆಮರವನ್ನು ಬಿಗಿದು ನಿಲ್ಲಿಸುವ ಹಗ್ಗದ ಹೆಸರಿನಲ್ಲಿ ಈ ಪದ ಸಿಗುತ್ತದೆ. ಎರಡು ಎಂಬುದನ್ನು ಕೂಡಿಸಿ ನೋಡಿದರೆ ಹಗ್ಗ, ಸೀಳಿ ನೋಡಿದರೆ ಜಗಳ: ಜರ್ಮನ್ ಭಾಷೆಯ ‘ಟ್ಸ್ವಿಸ್ಟ್’ ಮತ್ತು ಡಚ್ ಭಾಷೆಯ ‘ಟ್ವಿಸ್ಟ್’ ಎರಡಕ್ಕೂ ಕಲಹ ಎಂದೇ ಅರ್ಥ. ಆದ್ದರಿಂದ ‘ಟೂ-ಸ್ಟ್ರಾಂಡ್ ಟ್ವಿಸ್ಟ್’ ಎನ್ನುವವರು ಒಂದು ರೀತಿಯಲ್ಲಿ ಎರಡನ್ನು ಎರಡು ಸಲ ಹೇಳುತ್ತಿದ್ದಾರೆ. ಆದರೂ ಆ ರೂಪ ಗಟ್ಟಿಯಾಗಿ ಬೇರೂರಿದೆ, ಏಕೆಂದರೆ ಮೂರು ಎಳೆಯನ್ನು ಹೊಸೆಯುವ ‘ತ್ರೀ-ಸ್ಟ್ರಾಂಡ್ ಟ್ವಿಸ್ಟ್’ ಎಂಬುದೂ ಚಾಲ್ತಿಯಲ್ಲಿದೆ. ವ್ಯುತ್ಪತ್ತಿಯನ್ನು ಕೇಳಿಕೊಂಡು ಯಾರೂ ಕೂದಲು ಕಟ್ಟಿಕೊಳ್ಳುವುದಿಲ್ಲ. ‘ಬ್ರೇಡ್’ನ ಮೂಲದಲ್ಲಿ ಮಾತ್ರ ಸಂಖ್ಯೆಯೇ ಇಲ್ಲ. ಅದು ಹಳೆಯ ಇಂಗ್ಲಿಷಿನ ‘ಬ್ರೆಗ್ಡನ್’, ಸರಕ್ಕನೆ ಎಳೆ, ಬೀಸು, ನೇಯು ಎಂಬ ಅರ್ಥದ ಕ್ರಿಯಾಪದ. ಹೀಗಾಗಿ ನಾಲ್ಕು ಎಳೆಯದ್ದೂ ಬ್ರೇಡ್, ಐದು ಎಳೆಯದ್ದೂ ಬ್ರೇಡ್.

ಇನ್ನು ನಮ್ಮ ಗೊಂದಲ. ‘ಜಡೆ’ ಮತ್ತು ‘ಜಟೆ’ ಒಂದೇ ತಾಯಿಯ ಮಕ್ಕಳು. ಸಂಸ್ಕೃತದ ‘ಜಟಾ’ ತದ್ಭವವಾಗಿ ‘ಜಡೆ’ಯಾಯಿತು, ‘ಜಟೆ’ ಮೂಲಕ್ಕೆ ಹತ್ತಿರವಾಗಿಯೇ ಉಳಿಯಿತು. ಸಿಕ್ಕುಗಟ್ಟಿದ ಕೂದಲನ್ನು ಹೇಳುತ್ತಿದ್ದ ಪದವೇ ಒಪ್ಪವಾಗಿ ಬಾಚಿ ಹೆಣೆದ ಕೂದಲಿನ ಹೆಸರಾಗಿಬಿಟ್ಟದ್ದು ಸಣ್ಣ ಪಲ್ಲಟವಲ್ಲ. ಇಂದು ‘ಜಡೆ ಹಾಕಿಕೊಂಡಳು’ ಎಂದರೆ ಯಾರಿಗೂ ತಪಸ್ವಿ ನೆನಪಾಗುವುದಿಲ್ಲ, ‘ಜಟೆ ಬಿಟ್ಟಿದ್ದಾನೆ’ ಎಂದರೆ ಯಾರಿಗೂ ಬಾಚಣಿಗೆ ನೆನಪಾಗುವುದಿಲ್ಲ. ಇಷ್ಟು ಸ್ಪಷ್ಟವಾದ ಭೇದವನ್ನು ಭಾಷೆಯೇ ಕೈಗಿಟ್ಟಿರುವಾಗ, ಸಮುದ್ರದಾಚೆಯ ತಲೆಯೊಂದು ಕಂಡ ಕೂಡಲೇ ಎರಡನ್ನೂ ಕಲಸುವುದು ಏಕೆಂಬುದು ನನಗೆ ಅರ್ಥವಾಗುವುದಿಲ್ಲ. ಟ್ವಿಸ್ಟ್‌ಗೆ ಕನ್ನಡದ ಪದವೇ ಬೇಕೆನ್ನುವವರು ‘ಹುರಿಗೂದಲು’ ಎಂದು ಬರೆಯಲಿ, ನನ್ನ ತಕರಾರಿಲ್ಲ. ಡ್ರೆಡ್‌ಲಾಕ್ ವಿಷಯದಲ್ಲಿ ಇನ್ನೊಂದು ಮಾತು: ಅದನ್ನು ಬೆಳೆಸಿಕೊಂಡವರಲ್ಲಿ ಅನೇಕರು ‘ಡ್ರೆಡ್’ ಬಿಟ್ಟು ಬರೀ ‘ಲಾಕ್’ ಎನ್ನುತ್ತಾರೆ. ಡ್ರೆಡ್ ಎಂದರೆ ಭಯ. ತಮ್ಮ ಕೂದಲಿಗೆ ಆ ಹೆಸರು ಅವರಿಗೆ ಬೇಡ.

ಹೆಸರಿನ ಈ ಕಲಸುಮೇಲೋಗರ ಶೀರ್ಷಿಕೆ ಬರೆಯುವವರಿಗಷ್ಟೇ ಅಂಟಿದ ರೋಗವಲ್ಲ. ಅಮೆರಿಕದ ಭೂಸೇನೆ 2014ರ ಮಾರ್ಚ್‌ನಲ್ಲಿ ಹೊರಡಿಸಿದ ವೇಷಭೂಷಣ ನಿಯಮಾವಳಿಯಲ್ಲಿ ಟ್ವಿಸ್ಟ್ ಎಂದರೇನು ಎಂಬುದಕ್ಕೆ ಸರಿಯಾದ ವ್ಯಾಖ್ಯೆಯೇ ಇತ್ತು: ಎರಡು ಪ್ರತ್ಯೇಕ ಎಳೆಗಳನ್ನು ಸುತ್ತಿ ಹಗ್ಗದಂತೆ ಮಾಡಿದ್ದು. ವ್ಯಾಖ್ಯೆ ಕೊಟ್ಟ ಮೇಲೆ ನಿಷೇಧಿಸಿದರು. ಅದೇ ನಿಯಮಾವಳಿಯ ಪ್ರಕಾರ ಒಪ್ಪವಿಲ್ಲದ, ಸಿಕ್ಕಾದ ಬ್ರೇಡ್ ಕೂಡ ಡ್ರೆಡ್‌ಲಾಕ್ ಎಂದೇ ಲೆಕ್ಕ. ಅಂದರೆ ಕಟ್ಟಿದ ವಿಧಾನ ಯಾವುದಾದರೂ ಇರಲಿ, ನೋಡುವವರ ಕಣ್ಣಿಗೆ ಕೊಳಕಾಗಿ ಕಂಡರೆ ಅದು ಲಾಕ್! ಕಪ್ಪು ಸೈನಿಕ ಮಹಿಳೆಯರಿಂದಲೂ ಸಂಸತ್ತಿನಿಂದಲೂ ಆಕ್ಷೇಪ ಬಂದ ಮೇಲೆ ಅದೇ ವರ್ಷದ ಆಗಸ್ಟ್‌ನಲ್ಲಿ ಎರಡೆಳೆಯ ಟ್ವಿಸ್ಟ್‌ಗೆ ಅನುಮತಿ ಸಿಕ್ಕಿತು, ಅವಹೇಳನದ ವಿಶೇಷಣಗಳನ್ನೂ ಕೈಬಿಟ್ಟರು. ಲಾಕ್‌ಗೆ ಅನುಮತಿ ಸಿಗಲು 2017ರ ಜನವರಿಯವರೆಗೆ ಕಾಯಬೇಕಾಯಿತು. ಎರಡರ ನಡುವೆ ಎರಡು ವರ್ಷಕ್ಕೂ ಹೆಚ್ಚಿನ ಅಂತರ; ಆ ಅವಧಿಯಲ್ಲಿ ‘ಎಲ್ಲ ಒಂದೇ’ ಎನ್ನುವ ಮೇಲಧಿಕಾರಿ ಸಿಕ್ಕಿದ್ದರೆ ಸೈನಿಕಳ ಗತಿ ಏನು ಎಂದು ಯೋಚಿಸಬಹುದು. ಕೂದಲಿನ ಹೆಸರಿನಲ್ಲಿ ನಡೆಯುವ ತಾರತಮ್ಯವನ್ನು ತಡೆಯಲು ಕ್ಯಾಲಿಫೋರ್ನಿಯಾ 2019ರಲ್ಲಿ ‘ಕ್ರೌನ್ ಕಾಯಿದೆ’ ಮಾಡಿತು, ಅಮೆರಿಕದ ರಾಜ್ಯಗಳಲ್ಲೇ ಮೊದಲು. ಅದರ ಪಠ್ಯದಲ್ಲಿ ಬ್ರೇಡ್, ಲಾಕ್, ಟ್ವಿಸ್ಟ್ ಮೂರನ್ನೂ ಬೇರೆ ಬೇರೆಯಾಗಿಯೇ ಹೆಸರಿಸಲಾಗಿದೆ. ಶಾಸನ ಬರೆದವರಿಗೆ ಸಾಧ್ಯವಾದದ್ದು ಸುದ್ದಿ ಬರೆಯುವವರಿಗೂ ಸಾಧ್ಯವಾಗಬೇಕು.

ಅದೇ ಕಾಯಿದೆ ಈ ಶೈಲಿಗಳನ್ನು ‘ಪ್ರೊಟೆಕ್ಟಿವ್’ ಎಂದು ಕರೆಯುತ್ತದೆ. ಅಲ್ಲಿ ಅದೊಂದು ಪಟ್ಟಿಯ ತಲೆಬರಹ ಮಾತ್ರ. ಕೂದಲನ್ನು ಕಾಪಾಡುತ್ತದೆ ಎಂಬ ಖಾತರಿಯಲ್ಲ. ಕೂದಲ ಆರೈಕೆಯ ಮಾತಿನಲ್ಲಿ ಈ ಪದಕ್ಕೆ ಇರುವ ಅರ್ಥ ಬೇರೆ: ದಿನವೂ ಬಾಚುವುದು ತಪ್ಪುತ್ತದೆ, ತುದಿಗಳು ಉಜ್ಜುವಿಕೆಯಿಂದ ಪಾರಾಗುತ್ತವೆ. ಬಿಗಿ ಸುರುಳಿಯ ಕೂದಲಿಗೆ ಇದು ಸಣ್ಣ ಲಾಭವಲ್ಲ. ಅದರ ಅಡ್ಡಕೊಯ್ತ ಚಪ್ಪಟೆ, ಹೊರಬರುವ ಬುಡವೇ ಬಾಗಿರುತ್ತದೆ; ನೆತ್ತಿಯ ಜಿಡ್ಡು ಆ ಸುರುಳಿಗಳನ್ನು ಇಳಿದು ತುದಿ ಮುಟ್ಟುವುದು ಅಪರೂಪ. ಹೀಗಾಗಿ ತುದಿ ಒಣಗುತ್ತದೆ, ಪ್ರತಿಯೊಂದು ತಿರುವೂ ಮುರಿಯಬಹುದಾದ ಜಾಗ. ಇಂಥ ಕೂದಲನ್ನು ‘ಒರಟು’ ಎನ್ನುವುದು ಇನ್ನೊಂದು ಅಸಡ್ಡೆ. ಒಂದೊಂದು ಕೂದಲನ್ನು ಹಿಡಿದು ನೋಡಿದರೆ ಅದು ಬಹಳ ಸಲ ನವಿರಾಗಿಯೇ ಇರುತ್ತದೆ, ನೋಟದ ದಟ್ಟಣೆ ಮೋಸ ಮಾಡುತ್ತದೆ. ಇಂಥ ಕೂದಲಿಗೆ ಇಂಗ್ಲಿಷಿನಲ್ಲಿ ಬಳಸುವ ‘ಟೆಕ್ಸ್ಚರ್ಡ್’ ಎಂಬ ಪದಕ್ಕೂ ಸುರುಳಿ ಎಂದರ್ಥ, ಒರಟುತನ ಎಂದಲ್ಲ.

ಆದರೆ ಬಿಗಿದು ಕಟ್ಟಿದರೆ ರಕ್ಷಣೆಯೆಲ್ಲ ತಲೆಕೆಳಗು. ಬುಡವನ್ನು ಸದಾ ಜಗ್ಗುವುದರಿಂದ ಕೂದಲು ಉದುರುವ ತೊಂದರೆಗೆ ‘ಟ್ರ್ಯಾಕ್ಷನ್ ಅಲೋಪೀಸಿಯಾ’ ಎಂದು ಹೆಸರು. ಹಣೆಯಂಚು ಮತ್ತು ಕಿವಿಯ ಮೇಲ್ಭಾಗದಲ್ಲಿ ಶುರುವಾಗುತ್ತದೆ. ಬೇಗ ಸಡಿಲಿಸಿದರೆ ಕೂದಲು ಮರಳುತ್ತದೆ, ವರ್ಷಗಟ್ಟಲೆ ಮುಂದುವರಿಸಿದರೆ ಮರಳುವುದಿಲ್ಲ. 20ನೆಯ ಶತಮಾನದ ಆರಂಭದಲ್ಲಿ ಇದನ್ನು ಮೊದಲು ದಾಖಲಿಸಿದ್ದು ಗ್ರೀನ್‌ಲ್ಯಾಂಡಿನ ಮಹಿಳೆಯರಲ್ಲಿ. ಅಂದರೆ ದೋಷ ಜಗ್ಗುವಿಕೆಯದು, ಯಾವುದೋ ಒಂದು ಜನಾಂಗದ ಕೂದಲಿನದಲ್ಲ. ಕಟ್ಟಿಸಿಕೊಂಡ ರಾತ್ರಿ ತಲೆ ನೋಯುತ್ತಿದ್ದರೆ, ಬುಡದಲ್ಲಿ ಸಣ್ಣ ಗುಳ್ಳೆ ಎದ್ದಿದ್ದರೆ ‘ಎರಡು ದಿನದಲ್ಲಿ ಸರಿಹೋಗುತ್ತದೆ’ ಎಂಬ ಸಮಾಧಾನವನ್ನು ನಂಬಬೇಡಿ, ಬಿಚ್ಚಿ. ಟ್ವಿಸ್ಟ್‌ನ ಒಂದು ಅನುಕೂಲ ಇಲ್ಲಿದೆ: ಹೆಣಿಗೆಯಷ್ಟು ಬಿಗಿ ಅದಕ್ಕೆ ಬೇಕಿಲ್ಲ.

‘ಮಿನಿ’ ಎಂಬುದಕ್ಕೆ ಅಳತೆಗೋಲಿಲ್ಲ. ಪೆನ್ಸಿಲ್‌ಗಿಂತ ದಪ್ಪವಾದದ್ದನ್ನು ಮಿನಿ ಎನ್ನುವವರು ಕಡಿಮೆ. ಇನ್ನೂ ಸಣ್ಣದಾದರೆ ‘ಮೈಕ್ರೋ’. ಸಾಮಾನ್ಯವಾಗಿ ಸ್ವಂತ ಕೂದಲಿನಲ್ಲೇ ಮಾಡಿದ್ದನ್ನು ಮಿನಿ ಟ್ವಿಸ್ಟ್ ಎನ್ನುತ್ತಾರೆ. ಸೆನೆಗಲೀಸ್ ಟ್ವಿಸ್ಟ್, ಮಾರ್ಲಿ ಟ್ವಿಸ್ಟ್ ಮೊದಲಾದವು ಜೋಡಣೆಯ ಕೂದಲು ಸೇರಿಸಿದವು, ಅವುಗಳ ತೂಕವೂ ಲೆಕ್ಕಾಚಾರವೂ ಬೇರೆ. ಹಾಗೆಯೇ ‘ಬಾಕ್ಸ್ ಬ್ರೇಡ್’ನಲ್ಲಿ ಚೌಕವಾಗಿರುವುದು ಬೈತಲೆಯ ಅಂಕಣ, ಹೆಣೆದ ಕೂದಲಲ್ಲ. ‘ಕಾರ್ನ್‌ರೋ’ ಎಂದರೆ ನೆತ್ತಿಗೆ ಅಂಟಿಸಿ ಸಾಲಾಗಿ ಹೆಣೆದದ್ದು, ಇಳಿಬಿದ್ದದ್ದಲ್ಲ. ಅದೇ ರೀತಿ ನೆತ್ತಿಗೆ ಅಂಟಿಸಿ ಹೊಸೆದರೆ ‘ಫ್ಲಾಟ್ ಟ್ವಿಸ್ಟ್’.

ಮಿನಿ ಟ್ವಿಸ್ಟ್ ಹಾಕುವುದು ಸುಲಭ, ಬೇಗ ಮುಗಿಯುವುದಿಲ್ಲ ಅಷ್ಟೆ. ತೊಳೆದು, ಕಂಡೀಷನರ್ ಹಚ್ಚಿ, ಸಿಕ್ಕು ಪೂರ್ತಿ ಬಿಡಿಸಿದ ಕೂದಲಿನಲ್ಲೇ ಶುರುಮಾಡಬೇಕು. ಒಳಗೆ ಉಳಿದ ಸಿಕ್ಕು ಹೊಸೆದ ಮೇಲೆ ಇನ್ನಷ್ಟು ಬಿಗಿಯುತ್ತದೆ. ತೇವವಿದ್ದಾಗ ಕೂದಲು ಕುಗ್ಗಿ ಹುರಿ ದಪ್ಪವಾಗಿ ಕೂರುತ್ತದೆ, ಎಳೆದು ಒಣಗಿಸಿಕೊಂಡು ಹೊಸೆದರೆ ಉದ್ದವಾಗಿ ತೆಳ್ಳಗೆ ಇಳಿಯುತ್ತದೆ. ಬುಡ ಬೇಗ ಸಡಿಲವಾಗುವವರು ಮೊದಲ ಎರಡು ಮೂರು ಸುತ್ತನ್ನು ಹೆಣೆದು ಆಮೇಲೆ ಹೊಸೆಯುತ್ತಾರೆ. ಹೀಗೆ ಎರಡೂ ಒಂದೇ ಹುರಿಯಲ್ಲಿ ಸೇರಿದಾಗಲೂ ಅದರ ಹೆಸರು ಟ್ವಿಸ್ಟ್ ಎಂದೇ. ತುದಿಗೆ ರಬ್ಬರ್ ಬೇಡ. ಬಿಗಿ ಸುರುಳಿಯ ಕೂದಲು ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ, ಬೆರಳಿಗೆ ಒಮ್ಮೆ ಸುತ್ತಿ ಬಿಟ್ಟರಾಯಿತು. ನೇರ ಕೂದಲಿನವರು ಇದನ್ನೇ ಮಾಡಿಕೊಂಡು ‘ನಿಲ್ಲುತ್ತಲೇ ಇಲ್ಲ’ ಎಂದು ದೂರುವುದರಲ್ಲಿ ಅರ್ಥವಿಲ್ಲ.

ಒಮ್ಮೆ ಹಾಕಿದರೆ ಎರಡರಿಂದ ನಾಲ್ಕು ವಾರ ಆರಾಮವಾಗಿ ನಿಲ್ಲುತ್ತದೆ, ಜಾಗ್ರತೆಯಿದ್ದರೆ ಆರು ವಾರ. ಬ್ರೇಡ್ ಇನ್ನೂ ಹೆಚ್ಚು ತಾಳುತ್ತದೆ, ಆದರೆ ಅಮೆರಿಕದ ಚರ್ಮವೈದ್ಯರ ಸಂಘ ಅದಕ್ಕೂ ಎರಡು ಮೂರು ತಿಂಗಳ ಮಿತಿ ಹೇಳುತ್ತದೆ. ಈ ಅವಧಿಯಲ್ಲಿ ತಲೆ ತೊಳೆಯಬಾರದು ಎಂಬ ನಂಬಿಕೆ ಎಲ್ಲಿಂದ ಬಂತೋ! ನೆತ್ತಿ ಬೆವರುತ್ತದೆ, ಜಿಡ್ಡಾಗುತ್ತದೆ, ಹೊಟ್ಟು ಕಟ್ಟುತ್ತದೆ, ತೊಳೆಯಲೇಬೇಕು. ಹುರಿಗಳನ್ನು ನಾಲ್ಕೋ ಆರೋ ಗುಂಪುಮಾಡಿ ಸಡಿಲವಾಗಿ ಕಟ್ಟಿಕೊಂಡು, ನೀರು ಬೆರೆಸಿ ತೆಳುಮಾಡಿದ ಶ್ಯಾಂಪೂವನ್ನು ಬೈತಲೆಯ ಗೆರೆಗಳ ಮೇಲಷ್ಟೇ ಹಾಕಿ, ಬೆರಳ ತುದಿಯಿಂದ ಒತ್ತಿ ತೊಳೆದರೆ ಸಾಕು. ಬಟ್ಟೆ ಒಗೆದಂತೆ ಉಜ್ಜಿದರೆ ಬುಡದಲ್ಲೇ ಸಿಕ್ಕಾಗುತ್ತದೆ. ತೊಳೆದ ಮೇಲೆ ಪೂರ್ತಿ ಒಣಗಬೇಕು, ಒದ್ದೆ ಹುರಿಯನ್ನು ಕಟ್ಟಿಟ್ಟರೆ ವಾಸನೆ ಹಿಡಿಯುತ್ತದೆ. ರಾತ್ರಿ ಸ್ಯಾಟಿನ್ ಬಾನೆಟ್ (ಮಲಗುವಾಗ ತೊಡುವ ಟೋಪಿ) ಅಥವಾ ಸ್ಯಾಟಿನ್ ದಿಂಬಿನ ಹೊದಿಕೆ ಬೇಕು, ಏಕೆಂದರೆ ಹತ್ತಿ ಬಟ್ಟೆ ತೇವವನ್ನು ಹೀರುತ್ತದೆ, ತನ್ನ ಜುಂಗನ್ನು ಹುರಿಗಳೊಳಗೆ ಬಿಡುತ್ತದೆ. ಎಣ್ಣೆಯನ್ನು ಸುರಿದಷ್ಟೂ ಒಳ್ಳೆಯದು ಎನ್ನುವುದು ತಪ್ಪು. ಕೂದಲಿಗೆ ಬೇಕಾದದ್ದು ನೀರಿನ ಪಸೆ. ಎಣ್ಣೆ ಅದನ್ನು ಹಿಡಿದಿಡುವ ಮುಚ್ಚಳವಷ್ಟೆ.

ಎರಡನೆಯ ವಾರಕ್ಕೆ ಬುಡ ಉಬ್ಬುತ್ತದೆ. ಆಗ ಹಣೆಯ ಸಾಲನ್ನೂ ಬೈತಲೆಯ ಸಾಲನ್ನೂ ಬಿಚ್ಚಿ ಹೊಸದಾಗಿ ಹೊಸೆದರೆ ಇಡೀ ತಲೆ ಹೊಸದಾಗಿ ಕಾಣುತ್ತದೆ, ಉಳಿದದ್ದನ್ನು ಮುಟ್ಟಬೇಡಿ. ಆಗಾಗ ಎಲ್ಲ ಬುಡಗಳನ್ನು ಜೆಲ್ ಹಚ್ಚಿ ತಿರುಚುವುದು ಲಾಕ್ ಬೆಳೆಸುವವರ ಕ್ರಮ. ಅವರಲ್ಲಿ ಅನೇಕರು ಶುರುಮಾಡುವುದೂ ಎರಡೆಳೆಯ ಟ್ವಿಸ್ಟ್‌ನಿಂದಲೇ, ಬಿಚ್ಚದೆ ಬಿಟ್ಟು ತಿಂಗಳುಗಳ ಕಾಲ ಜಟೆಗಟ್ಟಲು ಬಿಡುತ್ತಾರೆ. ಅದು ಅವರ ಆಯ್ಕೆ. ಮಿನಿ ಟ್ವಿಸ್ಟ್ ಹಾಕಿಕೊಂಡವಳಿಗೆ ಅದೇ ಸಲಹೆ ಕೊಟ್ಟರೆ ಎರಡು ತಿಂಗಳ ನಂತರ ಆಕೆ ಕತ್ತರಿ ಹುಡುಕಬೇಕಾಗುತ್ತದೆ. ಹುರಿ ಸಣ್ಣದಾದಷ್ಟೂ ಈ ಅಪಾಯ ಹತ್ತಿರ.

ಬಿಚ್ಚುವಾಗ ತುದಿಯಿಂದ ಮೇಲಕ್ಕೆ, ಬೆರಳಿಗೆ ಸ್ವಲ್ಪ ಎಣ್ಣೆಯೋ ಕಂಡೀಷನರೋ ಹಚ್ಚಿಕೊಂಡು ಬಿಚ್ಚಬೇಕು. ಬುಡದಲ್ಲಿ ಕೂತ ಬಿಳಿ ಕೊಳೆಯ ಸಣ್ಣ ಉಂಡೆಯನ್ನು ಒಣಗಿದ್ದಾಗಲೇ ಚಿವುಟಿ ತೆಗೆಯಿರಿ, ನೀರು ಬಿದ್ದರೆ ಅದು ಗಂಟಾಗುತ್ತದೆ. ಬಿಚ್ಚಿದ ಕೂಡಲೇ ಬಾಚದೆ, ಮೂಡಿದ ಅಲೆಗಳನ್ನು ಹಾಗೆಯೇ ಬಿಟ್ಟುಕೊಂಡರೆ ಅದಕ್ಕೆ ‘ಟ್ವಿಸ್ಟ್ ಔಟ್’ ಎಂದು ಹೆಸರು, ಎರಡು ಮೂರು ದಿನ ಚೆನ್ನಾಗಿಯೇ ಇರುತ್ತದೆ. ಬಾಚಿದಾಗ ಕೈಗೆ ಬರುವ ಕೂದಲಿನ ಉಂಡೆಯನ್ನು ಕಂಡು ಗಾಬರಿಯಾಗುವವರು ಲೆಕ್ಕ ಹಾಕಬೇಕು: ಯಾರ ತಲೆಯಿಂದಲೂ ದಿನಕ್ಕೆ 50ರಿಂದ 100 ಕೂದಲು ಉದುರುತ್ತವೆ. ನಾಲ್ಕು ವಾರ ಹುರಿಯೊಳಗೇ ಸಿಕ್ಕಿಕೊಂಡಿದ್ದರೆ ಬಿಚ್ಚಿದ ದಿನ 1,400ರಿಂದ 2,800 ಕೂದಲು ಒಟ್ಟಿಗೆ ಹೊರಬರುವುದು ಸಹಜ. ನೋಡಬೇಕಾದದ್ದು ಆ ಕೂದಲಿನ ತುದಿಯನ್ನು. ಒಂದು ಕೊನೆಯಲ್ಲಿ ಬಿಳಿಯ ಸಣ್ಣ ಚುಕ್ಕೆ ಇದ್ದರೆ ಬುಡದಿಂದ ತಾನಾಗಿ ಉದುರಿದ್ದು. ಚುಕ್ಕೆಯಿಲ್ಲದ ತುಂಡು ಕೂದಲೇ ಹೆಚ್ಚಾಗಿದ್ದರೆ ಮುರಿದದ್ದು. ಅಂಥವರು ಮುಂದಿನ ಸಲ ಹುರಿಯನ್ನು ದಪ್ಪ ಮಾಡಿಕೊಳ್ಳಬೇಕು, ಬೈತಲೆಯ ಗೆರೆಗಳನ್ನು ಬೇರೆ ಕಡೆ ತೆಗೆಯಬೇಕು, ನಡುವೆ ಒಂದೆರಡು ವಾರ ಕೂದಲನ್ನು ಬಿಡಿಯಾಗಿ ಬಿಡಬೇಕು.